ಖಾಲಿ ಡಬ್ಬಿಯ ಊಟ

ಹೋದ ತಿಂಗಳು ಸಂಬಂಧಿಕರ ಮದುವೆಗೆಂದು ಪುಣೆಗೆ ಹೋಗಿದ್ದೆ. ಹಿಂದಿನ ಸಂಜೆ ಬೀಗರೂಟದ ಮಾತುಕತೆಯಿಂದ ತಪ್ಪಿಸಿಕೊಂಡು ಪುಣೆಯಲ್ಲಿದ್ದಾಗ ಹೋಗುತ್ತಿದ್ದ ಹಳೆಯ ನಾಟಕದ ಹಾಲಿಗೆ ಹೋಗಿ ಕೂತೆ. ಅಲ್ಲಿ ಪುಣೆ ಕನ್ನಡಿಗರ ಏಕಾಂಕ ಸ್ಪರ್ಧೆಯ ಬಹುಮಾನ ವಿತರಣೆ ನಡೆದಿತ್ತು. ಒಳಗೆ ಕಾಲಿಟ್ಟ ಕೂಡಲೇ ಒದ್ದೆ ಛತ್ರಿ, ಹಳೆಯ ಕುರ್ಚಿಯ ಬಟ್ಟೆ, ಹೊರಗಿನ ಕ್ಯಾಂಟೀನಿನ ಬಟಾಟೆ ವಡೆ, ಮೂರೂ ಕೂಡಿದ ವಾಸನೆ ಬಂತು. ಬಾಕಿ ಎಲ್ಲಾ ಬದಲಾಗಿದೆ, ಕುರ್ಚಿ ಮಾತ್ರ ಬದಲಾಗಿಲ್ಲ. ಆಗಲೂ ಬೆನ್ನು ನೋಯುತ್ತಿತ್ತು, ಈಗಲೂ ನೋಯಿತು.

ಆ ದಿನ ವಿಶೇಷ ಸನ್ಮಾನ ಇದ್ದದ್ದು ಮೇಘನಾಳಿಗೆ. ಈ ನಾಲ್ಕೈದು ವರ್ಷಗಳಲ್ಲಿ ಆಕೆ ಕನ್ನಡದಲ್ಲೂ ಮರಾಠಿಯಲ್ಲೂ ಹೆಸರು ಮಾಡಿದ ನಟಿ. ಮೈಕು ಹಿಡಿದು, "ನಂಗೆ ಬರಬೇಕಿದ್ದ ಮೊದಲನೇ ಬಹುಮಾನ ತಪ್ಪಿದ್ದು ನಮ್ಮ ಮಾವನವರ ಬಾಯಿಂದ" ಎಂದು ಶುರು ಮಾಡಿ, ಆ ಕಥೆಯನ್ನು ಚೆನ್ನಾಗಿಯೇ ಹೇಳಿದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಜನ ನಗುತ್ತಾರೆ ಎನ್ನುವುದು ಆಕೆಗೆ ಗೊತ್ತು. ಸಭೆ ನಕ್ಕಿತು. ನಾನೂ ನಕ್ಕೆ. ಆಕೆಯ ಮಾವ ಸಂಗಪ್ಪನವರು ಹೋದ ವರ್ಷ ತೀರಿಕೊಂಡರು. ಕಥೆ ಆಕೆ ಹೇಳಿದ ಹಾಗೆಯೇ ನಡೆದದ್ದಲ್ಲ. ಅದನ್ನು ಬಲ್ಲವರಲ್ಲಿ ಈಗ ಓಡಾಡಿಕೊಂಡಿರುವವನು ನಾನೊಬ್ಬನೇ. ಈಗ ಬರೆದರೆ ಯಾರಿಗೂ ನಷ್ಟವಿಲ್ಲ ಎನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಕೊರೊನಾ ಮುಗಿದು ಹಾಲುಗಳು ಮತ್ತೆ ಬಾಗಿಲು ತೆಗೆದಿದ್ದ ಕಾಲ ಅದು. ನಾನು ಕೆಲಸಕ್ಕಿದ್ದ ಬ್ಯಾಂಕಿನವರು ನನ್ನನ್ನು ಪುಣೆಗೆ ಎತ್ತಿ ಹಾಕಿದ್ದರು. ಮಕ್ಕಳ ಶಾಲೆಯ ಕಾರಣಕ್ಕೆ ಸಂಸಾರ ಧಾರವಾಡದಲ್ಲಿ, ನಾನೊಬ್ಬ ಪುಣೆಯಲ್ಲಿ. ಸಂಜೆ ಹೊತ್ತು ಹೋಗುತ್ತಿರಲಿಲ್ಲ. ನಾಟಕದ ಹಾಲಿನ ಹಿಂದಿನ ಗಲ್ಲಿಯಲ್ಲಿ ಕುಂದಾಪುರದ ಕಡೆಯ ಭಾಸ್ಕರ ಶೆಟ್ಟರ ಹೋಟೆಲು. ಅಲ್ಲಿ ಊಟಕ್ಕೆ ಹೋಗಿ ಹೋಗಿ, ಮೂಲೆಯ ಮೇಜಿಗೆ ಕೂಡುತ್ತಿದ್ದ ನಾಟಕದ ಹುಚ್ಚರ ಕೈಗೆ ಸಿಕ್ಕಿಬಿದ್ದೆ. ಹಾಲಿನಲ್ಲಿ ಇವರು ಕೂಡುತ್ತಿದ್ದದ್ದು ಮೂರನೇ ಸಾಲಿನಲ್ಲಿ. ನಾಟಕ ಬಿಟ್ಟ ಮೇಲೆ ಶೆಟ್ಟರ ಮೇಜಿನಲ್ಲಿ ಅದರ ಪೋಸ್ಟ್‌ಮಾರ್ಟಂ. ಸ್ಪರ್ಧೆಯ ತೀರ್ಪುಗಾರರು ಫಲಿತಾಂಶ ಹೇಳುವ ಮೊದಲೇ ಇವರದು ತಯಾರಿರುತ್ತಿತ್ತು. ಎರಡೂ ಹೊಂದಿಕೆಯಾದರೆ ತೀರ್ಪುಗಾರರು ಜಾಣರು, ಇಲ್ಲವಾದರೆ ಲಂಚಕೋರರು.

ಆ ಮೇಜಿನ ಯಜಮಾನರು ಸಂಗಪ್ಪನವರು. ಗದಗಿನ ಕಡೆಯವರು, ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಸ್ಟೋರು ನೋಡಿಕೊಂಡಿದ್ದು ನಿವೃತ್ತರಾದವರು. ನೌಕರಿಯಲ್ಲಿದ್ದಾಗ ಊರ ಕಡೆ ಕಂಪನಿ ನಾಟಕದ ಟೆಂಟು ಬಿತ್ತೆಂದರೆ ಸಾಕು, ಇವರಿಗೆ ಜ್ವರ ಬಂದು ರಜೆಯ ಚೀಟಿ ಹೋಗುತ್ತಿತ್ತಂತೆ. ದನಿ ಎಂಥದೆಂದರೆ ಇವರು ಪಿಸುಗುಟ್ಟಿದರೆ ಮೊದಲ ಸಾಲಿನವರು ತಿರುಗಿ ನೋಡುತ್ತಿದ್ದರು. ಪುಣೆಯ ಮರಾಠಿ ಪ್ರೇಕ್ಷಕರ ಶಿಸ್ತು ಗೊತ್ತಲ್ಲ, ಕೆಮ್ಮುವುದಿದ್ದರೂ ಮಧ್ಯಂತರದ ತನಕ ಕಾಯುವ ಜನ. ಅವರಿಂದ ಸಂಗಪ್ಪನವರು "ಅಹೋ, ಶ್ಶ್" ಎನ್ನಿಸಿಕೊಳ್ಳದ ನಾಟಕವಿಲ್ಲ.

ಅವರಿಗೆ ಹೊಸ ನಾಟಕಗಳ ಮೇಲಿದ್ದ ದೊಡ್ಡ ದೂರು ಒಂದೇ, ಯಾರೂ ವನ್ಸ್ ಮೋರ್ ಅನ್ನುವುದಿಲ್ಲ ಎನ್ನುವುದು. ಕಂಪನಿ ನಾಟಕದಲ್ಲಿ ನಾಯಕಿ ವಿಷ ಕುಡಿದು, ಹಾಡು ಹಾಡಿ, ಪ್ರಾಣ ಬಿಡುತ್ತಾಳೆ. ಜನ ವನ್ಸ್ ಮೋರ್ ಎಂದರೆ ಎದ್ದು, ಸೀರೆ ಕೊಡವಿಕೊಂಡು, ಮತ್ತೆ ವಿಷ ಕುಡಿದು, ಮತ್ತೆ ಹಾಡಿ, ಮತ್ತೆ ಸಾಯಬೇಕು. ನಾನು ಒಮ್ಮೆ, "ಸತ್ತಾಕಿ ಎದ್ದು ನಿಂತರ ನಂಬೂದು ಹೆಂಗ್ರಿ?" ಎಂದು ಕೆಣಕಿದೆ.

"ಹಿರೇಮಠ್ರ, ನೀವು ಬ್ಯಾಂಕಿನವರು, ನಿಮಗ ಸಹಿ ಕೂಡಿದ್ರ ಸಾಕು" ಎಂದರು. "ಒಮ್ಮೆ ಅತ್ತರ ಅದು ಅಳು. ಮನ್ಯಾಗ ಏನೋ ಆಗಿರತದ, ಅವತ್ತು ಅಳು ಬಂದಿರತದ. ಮಂದಿ ಕೇಳಿದಾಗ ಎರಡನೇ ಸಲ ಅಷ್ಟ ಅತ್ತು ತೋರಿಸಿದ್ರ ಅದು ಪಾರ್ಟು."

"ನಮ್ಮಲ್ಲಿ ಎರಡನೇ ಸಲ ಸಾಂಬಾರು ಕೇಳ್ತಾರಲ್ಲ, ಹಾಗೆ. ಆಗಲೇ ಗೊತ್ತಾಗುದು ಅಡುಗೆಯವನ ಯೋಗ್ಯತೆ" ಎಂದು ಗಲ್ಲಾಪೆಟ್ಟಿಗೆಯಿಂದ ಶೆಟ್ಟರು ದನಿಗೂಡಿಸಿದರು. ಶೆಟ್ಟರಿಗೆ ನಾಟಕ ತಿಳಿಯುತ್ತಿರಲಿಲ್ಲ, ಗಿರಾಕಿ ತಿಳಿಯುತ್ತಿತ್ತು.

ಸಂಗಪ್ಪನವರ ಮಗ ಮಹಾಂತೇಶ ಹಿಂಜವಾಡಿಯ ಕಂಪನಿಯೊಂದರಲ್ಲಿದ್ದ. ಅಲ್ಲಿಯೇ ಕೆಲಸ ಮಾಡುತ್ತಿದ್ದ ಮೈಸೂರಿನ ಹುಡುಗಿ ಮೇಘನಾಳನ್ನು ಮದುವೆಯಾಗಿದ್ದ. ಆಫೀಸಿನ ಗೆಳೆಯರು ಕೂಡಿ ಕಟ್ಟಿಕೊಂಡ ತಂಡದಲ್ಲಿ ಆಕೆ ನಟಿಸುತ್ತಿದ್ದಳು. ಕಂಪನಿಯ ಕ್ಯಾಬು ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಬಂದು ಇಳಿಸಿದ ಮೇಲೆ ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ತಾಲೀಮು. ಪ್ರತಿ ವರ್ಷ ಆಕೆಗೆ ಸಿಗುತ್ತಿದ್ದದ್ದು ಸಮಾಧಾನಕರ ಬಹುಮಾನ. "ಸಮಾಧಾನ ಅಂತ ಬರೆದಿರ್ತಾರೆ, ಆಗೋದೇ ಇಲ್ಲ ಸರ್" ಎನ್ನುತ್ತಿದ್ದಳು ನನ್ನ ಹತ್ತಿರ.

ಮಾವನ ಬಾಯಿಂದ ಅದೂ ಇಲ್ಲ. ಸಂಗಪ್ಪನವರು ಪಾರ್ಟಿನ ವಿಷಯದಲ್ಲಿ ಸುಳ್ಳು ಹೇಳುವ ಪೈಕಿ ಅಲ್ಲ. ಸಂಬಂಧಿಕರ ಮದುವೆಯಲ್ಲಿ ಅಡಿಗೆ ಕೆಟ್ಟಿದ್ದರೂ ಚಲೋ ಅದ ಅಂದಾರು, ನಾಟಕ ಕೆಟ್ಟಿದ್ದರೆ ಅನ್ನರು. ಸೊಸೆಯ ನಾಟಕಗಳನ್ನೆಲ್ಲ ಮೂರನೇ ಸಾಲಿನಲ್ಲಿ ಕೂತು ನೋಡಿ, ಮನೆಗೆ ಹೋಗಿ, "ಯವ್ವಾ, ನಿನ್ನ ಪಾರ್ಟು ಎರಡನೇ ಸಾಲಿಗೆ ಮುಗೀತು, ನಮಗ ಮುಟ್ಟಲಿಲ್ಲ" ಎಂದು ಹೇಳಿಬಿಡುತ್ತಿದ್ದರು. ಆಕೆ ಮುಖ ಸಣ್ಣದು ಮಾಡಿಕೊಂಡರೂ ಮರುದಿನ ಚಹಾ ಕೊಡುವಾಗ, ಎಲ್ಲಿ ಮುಟ್ಟಲಿಲ್ಲ ಎಂದು ಕೇಳುತ್ತಿದ್ದಳು. ಅದು ನನಗೆ ಸೇರುತ್ತಿತ್ತು.

ಆ ವರ್ಷ ಸ್ಪರ್ಧೆಗೆ ಒಂದು ವಾರ ಮುಂಚೆ ಗಂಡ ಹೆಂಡತಿ ಶೆಟ್ಟರ ಹೋಟೆಲಿಗೆ ಬಂದಿದ್ದರು. ಸಂಗಪ್ಪನವರು ಅವತ್ತು ಇರಲಿಲ್ಲ. ಮಹಾಂತೇಶ ಒಳ್ಳೆಯ ಹುಡುಗ, ಆದರೆ ದಣಿದಿದ್ದ. ಮೇಘನಾಳ ಬಡ್ತಿ ಆ ವರ್ಷವೂ ತಪ್ಪಿತ್ತು. ಸಂಜೆಯಾದರೆ ಸಿಗುವುದಿಲ್ಲ ಎಂದು ಆಕೆಯ ಮ್ಯಾನೇಜರ್ ಬರೆದು ಹಾಕಿದ್ದ. "ಎಲ್ಲಿತನಕ ಹಿಂಗ?" ಎಂದು ಮಹಾಂತೇಶ ಕೇಳಿದ. ಆಕೆ ಇಡ್ಲಿ ಮುರಿಯುತ್ತ, "ಈ ಸಲ ನಟನೆಯ ಫಸ್ಟ್ ಪ್ರೈಜ್ ಬಂದ್ರೆ ಮುಂದುವರಿಸ್ತೀನಿ. ಬರ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ. ನಿಂಗಲ್ಲ, ನಂಗೆ ನಾನೇ ಕೊಡ್ತಿರೋ ಮಾತು. ಹಿರೇಮಠ ಸರ್ ಸಾಕ್ಷಿ" ಎಂದಳು. ನಾನು ನಗಲು ಹೋದವನು ಆಕೆಯ ಮುಖ ನೋಡಿ ಆಗಲಿ ಎಂದೆ.

ಪುಣೆಯ ಮಳೆ ನಮ್ಮ ಕಡೆಯ ಹಾಗೆ ಅಬ್ಬರಿಸುವುದಿಲ್ಲ. ಜಿಟಿಜಿಟಿ ಹಿಡಿದುಕೊಂಡು ಬೀದಿಯನ್ನೂ ಮನಸ್ಸನ್ನೂ ರಾಡಿ ಮಾಡುತ್ತದೆ. ಅವರ ನಾಟಕದ ದಿನ ಮಾತ್ರ ಮಧ್ಯಾಹ್ನದಿಂದ ಹೊಯ್ದು ಹಿಂಜವಾಡಿಯ ರಸ್ತೆಗಳು ಕಟ್ಟಿಕೊಂಡವು. ಮೇಘನಾ ಕ್ಯಾಬು ಬಿಟ್ಟು, ಯಾರದೋ ಬೈಕಿನ ಹಿಂದೆ ಕೂತು, ತೊಯ್ದು ತಪ್ಪಡಿಯಾಗಿ ಬಂದಳು. ಆಕೆಯ ಪಾತ್ರಕ್ಕೆ ಒಂದು ಊಟದ ಡಬ್ಬಿ ಬೇಕಿತ್ತು. ತರಬೇಕಿದ್ದವನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡದ್ದರಿಂದ ಶೆಟ್ಟರೇ ತಮ್ಮ ಡಬ್ಬಿಯಲ್ಲಿ ಚಪಾತಿ, ಪಲ್ಯ, ಮೊಸರನ್ನ ತುಂಬಿ ಕಳಿಸಿದರು.

ನಾಟಕ ಸಣ್ಣದು. ಆಸ್ಪತ್ರೆಯ ವರಾಂಡ, ಒಳಗೆ ಗಂಡ. ಹೆಂಡತಿ ಡಬ್ಬಿ ಹಿಡಿದುಕೊಂಡು ಬೆಂಚಿನ ಮೇಲೆ ಕಾಯುತ್ತಿರುತ್ತಾಳೆ. ಬಂದು ಹೋಗುವವರ ಜೊತೆ ಅದೂ ಇದೂ ಮಾತು. ಕೊನೆಗೆ ನರ್ಸು ಬಂದು, ಗಂಡ ಹೋದ ಎಂದು ಹೇಳುತ್ತಾಳೆ. ಹೆಂಡತಿ ಅಳುವುದಿಲ್ಲ. ಡಬ್ಬಿ ಬಿಚ್ಚಿ ಆತನಿಗೆಂದು ತಂದ ಊಟವನ್ನು ತಾನೇ ಉಣ್ಣತೊಡಗುತ್ತಾಳೆ. ಪೂರ್ತಿ ಉಣ್ಣುತ್ತಾಳೆ. ಡಬ್ಬಿ ಮುಚ್ಚುತ್ತಾಳೆ. ದೀಪ ಆರಬೇಕು, ಅಷ್ಟೇ.

ಮೇಘನಾ ಉಂಡಳು. ಚೆನ್ನಾಗಿಯೇ ಉಂಡಳು. ಹಾಲಿನಲ್ಲಿ ಸದ್ದಿರಲಿಲ್ಲ. ಡಬ್ಬಿ ಮುಚ್ಚಿದಳು, ದೀಪ ಇನ್ನೇನು ಆರಬೇಕು, ನನ್ನ ಪಕ್ಕದಿಂದ ಸಂಗಪ್ಪನವರು ಎದ್ದು ನಿಂತು, "ವನ್ಸ್ ಮೋರ್" ಎಂದು ಒದರಿದರು.

ಇಡೀ ಸಭೆ ಗಾಬರಿಯಾಯಿತು. ಯಾರೋ ನಕ್ಕರು, ಯಾರೋ ಶ್ಶ್ ಅಂದರು. ದೀಪದ ಹುಡುಗ ಗಲಿಬಿಲಿಗೊಂಡು ಹಾಗೆಯೇ ಬಿಟ್ಟ. ನಾನು ಅವರ ಅಂಗಿ ಹಿಡಿದು ಎಳೆದೆ. ಅವರಿಗೆ ಮೈಮೇಲೆ ಎಚ್ಚರವಿದ್ದಂತೆ ಕಾಣಲಿಲ್ಲ. ವೇದಿಕೆಯ ಮೇಲೆ ಮೇಘನಾ ಅಲುಗಾಡದೆ ಕೂತಿದ್ದಳು. ಆಮೇಲೆ ಮುಚ್ಚಿದ ಡಬ್ಬಿಯನ್ನು ಮತ್ತೆ ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ, ಅದು ಮೂರನೇ ಸಾಲಿಗೆ ಕಾಣುತ್ತಿತ್ತು. ಆ ಇಲ್ಲದ ಚಪಾತಿ ಮುರಿದಳು, ಇಲ್ಲದ ಪಲ್ಯ ಹಚ್ಚಿಕೊಂಡಳು, ಬಾಯಿಗಿಟ್ಟು ಅಗಿದಳು. ಒಂದು ತುತ್ತು ಗಂಟಲಿಗೆ ಸಿಕ್ಕಿಕೊಂಡಿತು, ನೀರಿಲ್ಲದೆ ನುಂಗಿದಳು. ಕೊನೆಗೆ ತಳವನ್ನು ಬೆರಳಿನಿಂದ ಸವರಿ ನೆಕ್ಕಿ, ಡಬ್ಬಿ ಮುಚ್ಚಿ, ಮಡಿಲಲ್ಲಿಟ್ಟುಕೊಂಡಳು. ಎಷ್ಟೋ ನಾಟಕ ನೋಡಿದ್ದೇನೆ, ಅಂಥದ್ದು ಮತ್ತೆ ನೋಡಿಲ್ಲ.

ಶೆಟ್ಟರ ಮೇಜಿನಲ್ಲಿ ಅವತ್ತು ಸಂಗಪ್ಪನವರಿಗೆ ಚಹಾ ಇಳಿಯಲಿಲ್ಲ. "ಎಂಥೆಂಥಾ ಕಂಪನಿ ನಾಯಕಿಯರನ್ನ ನೋಡೇನಿ ಹಿರೇಮಠ್ರ. ಖಾಲಿ ಡಬ್ಬಿ ಉಂಡಾಕಿನ್ನ ನೋಡಿರಲಿಲ್ಲ" ಎಂದು ಮತ್ತೆ ಮತ್ತೆ ಅದನ್ನೇ ಅಂದರು. ಸೊಸೆಗೆ ಮಾತ್ರ ಫಲಿತಾಂಶ ಬಂದ ಮೇಲೆಯೇ ಹೇಳುವುದು ಎಂದಿದ್ದರು. ಉಳಿದವರು ಎರಡು ಪಂಗಡವಾದರು. ನಾಟಕದ ನಡುವೆ ಪ್ರೇಕ್ಷಕನ ಮಾತು ಕೇಳಿದ ನಟಿ ಪಾತ್ರದಿಂದ ಹೊರಗೆ ಬಂದಳು, ಅದು ತಪ್ಪು ಎಂದು ಕೆಲವರು. ಹೊರಗೆ ಬಂದಿದ್ದರೆ ಹಾಗೆ ಉಣ್ಣಲಾಗುತ್ತಿತ್ತೇ ಎಂದು ಇನ್ನು ಕೆಲವರು. "ನನ್ನ ಊಟಕ್ಕೆ ಒಂದು ಬಹುಮಾನ ಕೊಡಿ ಮಾರಾಯ್ರೇ, ಜಗಳ ಮುಗೀತದೆ" ಎಂದರು ಶೆಟ್ಟರು. ಜಗಳ ಮುಗಿಯಲಿಲ್ಲ. ಸ್ಪರ್ಧೆ ನಡೆದಷ್ಟು ದಿನವೂ ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಅದೇ ಮಾತು.

ಫಲಿತಾಂಶ ಬಂತು. ನಟನೆಯ ಮೊದಲ ಬಹುಮಾನ ತಳೇಗಾಂವದ ತಂಡದಲ್ಲಿ ಮನೆಮಾಲಕಿಯ ಪಾತ್ರ ಮಾಡಿದ ಹೆಂಗಸಿಗೆ. ಮೇಘನಾಳಿಗೆ ಮತ್ತೆ ಸಮಾಧಾನಕರ.

ಸಂಗಪ್ಪನವರ ಮನೆಗೆ ಊಟಕ್ಕೆ ನನ್ನನ್ನೂ ಕರೆದಿದ್ದರು. ಜೋಳದ ರೊಟ್ಟಿಯ ಮುಂದೆ ಕೂತು ಅವರು ತೀರ್ಪುಗಾರರ ವಂಶವನ್ನೆಲ್ಲ ಜಾಲಾಡಿಸಿದರು. ಕೇಳಿ ಕೇಳಿ ಮಹಾಂತೇಶನಿಗೆ ಸಹನೆ ತಪ್ಪಿತು.

"ಅಪ್ಪಾ, ಅವರಿಗೆ ಯಾಕ ಬೈತೀರಿ? ನೀವು ಒದರಿದ್ದಕ್ಕ ಹೋತು. ಈಗ ಆಕಿ ನಾಟಕಾನೂ ಬಿಡ್ತಾಳ, ಮಾತು ಕೊಟ್ಟಾಳ" ಎಂದ.

ಸಂಗಪ್ಪನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಆಕೆ ಮಾತು ಕೊಟ್ಟದ್ದು ಹೌದೆಂದು ನಾನು ತಲೆಯಾಡಿಸಿದೆ.

"ನಿಮ್ಮಿಂದಲೇ ಹೋಯ್ತು ಅಂತ ಯಾರಿಗೆ ಗೊತ್ತು ಮಾವ? ನನ್ನ ಆಕ್ಟಿಂಗೇ ಸಾಲದೇ ಇರಬಹುದು" ಎಂದಳು ಮೇಘನಾ. ಸಿಟ್ಟಿರಲಿಲ್ಲ, ಅದೇ ತೊಂದರೆ. "ನೆಪ ಹುಡುಕಿ ಮಾತು ಮುರಿಯೋಕೆ ನಂಗೆ ಇಷ್ಟ ಇಲ್ಲ. ಬಿಟ್ಟೆ ಅಂದ್ರೆ ಬಿಟ್ಟೆ." ಎದ್ದು ತಾಟು ತೆಗೆದುಕೊಂಡು ಒಳಗೆ ಹೋದಳು. ಒಳಗೆ ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ಸಂಗಪ್ಪನವರು ಊಟ ಬಿಟ್ಟೆದ್ದರು.

ಮುಂದಿನ ರವಿವಾರ ಬೆಳಿಗ್ಗೆ ನನ್ನ ಬಾಗಿಲು ಬಡಿದರು. ತೀರ್ಪುಗಾರರ ಪೈಕಿ ಹಿರಿಯರಾಗಿದ್ದ ಇನಾಮದಾರ ಬಾಯಿಯವರ ಮನೆಗೆ ಹೋಗೋಣ ಎಂದರು. ಬಾಯಿ ಬೆಳಗಾವಿಯ ತೌರಿನವರು, ನಾಟಕ ಕಲಿಸುತ್ತಿದ್ದವರು, ಸದಾಶಿವ ಪೇಠೆಯ ಹಳೆಯ ವಾಡೆಯಲ್ಲಿ ಒಬ್ಬರೇ ಇದ್ದರು. "ಜಗಳಕ್ಕಾದ್ರ ನಾ ಬರೂದಿಲ್ರಿ" ಎಂದೆ. "ಜಗಳ ಅಲ್ಲ, ಒಂದು ಮಾತು ಕೇಳೂದದ" ಎಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

ಬಾಯಿ ಬಾಗಿಲು ತೆಗೆದು, ಇವರ ದನಿ ಕೇಳಿದ್ದೇ, "ಹಾಂ, ಆ ವನ್ಸ್ ಮೋರ್ ನೀವೇನ್ರಿ" ಎಂದು ಗುರುತು ಹಿಡಿದರು. ಒಳಗೆ ಕೂಡಿಸಿ ಚಹಾ ಕೊಟ್ಟರು. ಸಂಗಪ್ಪನವರು ಪೀಠಿಕೆ ಹಾಕಲಿಲ್ಲ.

"ಬಾಯಿ, ನೀವು ಕೊಟ್ಟದ್ದು ಕೊಟ್ರಿ, ಅದನ್ನ ಕೇಳಾಕ ಬಂದಿಲ್ಲ. ನಾ ಒದರಲಿಲ್ಲ ಅಂದಿದ್ರ ನಮ್ಮ ಸೊಸಿಗೆ ಮೊದಲನೇ ನಂಬರು ಬರ್ತಿತ್ತೇನು? ಅಷ್ಟ ಹೇಳ್ರಿ."

ಬಾಯಿ ಕನ್ನಡಕ ತೆಗೆದರು. "ಖರೆ ಹೇಳ್ಲೇನ್ರಿ? ಬರ್ತಿರಲಿಲ್ಲ. ಆಕಿ ಚಲೋ ಮಾಡಿದ್ಲು. ಆದ್ರ ನಾ ಅಳೂದಿಲ್ಲ ಅಂತ ತೋರಸಾಕ ಹ್ವಾದಂಗಿತ್ತು. ತಳೇಗಾಂವದಾಕಿ ಆಕೀಕಿಂತ ಮುಂದಿದ್ಲು, ನಾವು ಮೂರೂ ಮಂದಿ ಹಂಗ ಅಂದ್ಕೊಂಡಿದ್ವಿ. ನೀವು ಒದರಿದ ಮ್ಯಾಲ ಆಕಿ ಖಾಲಿ ಡಬ್ಬಿ ಉಂಡಳಲ್ಲ, ಅದನ್ನ ನೋಡಿ ನಾ ಪೆನ್ನು ಕೆಳಗಿಟ್ಟೆ. ಆವಾಗ ಆಕಿ ಏನೂ ತೋರಸ್ತಿರಲಿಲ್ಲ, ಬರೇ ಉಣ್ತಿದ್ಲು. ಇಡೀ ಸ್ಪರ್ಧಾದಾಗ ಅಷ್ಟು ಖರೆ ಅಭಿನಯ ಯಾರೂ ಮಾಡಲಿಲ್ಲ. ಆದ್ರ ಅದು ನಾಟಕದಾಗ ಇರಲಿಲ್ಲ ನೋಡ್ರಿ. ಅದಕ್ಕ ಮಾರ್ಕು ಹೆಂಗ ಹಾಕೂದು? ಸಮಾಧಾನಕರ ಆದ್ರೂ ಕೊಡೂಣು ಅಂದ್ವಿ, ಅದೂ ನೀವು ಒದರಿದ್ದಕ್ಕ ಬಂತು."

ಸಂಗಪ್ಪನವರು ಚಹಾದ ಕಪ್ಪು ಕೆಳಗಿಟ್ಟು ಎದ್ದರು. ಬಾಯಿಯವರಿಗೆ ಕೈಮುಗಿದರು.

ರಿಕ್ಷಾದಲ್ಲಿ ನಾನು ಖುಷಿಯಿಂದಲೇ ಇದ್ದೆ. "ನಿಮ್ಮ ಮ್ಯಾಲಿನ ಅಪವಾದ ಹೋತಲ್ರಿ. ಮನಿಗೆ ಹೋಗಿ ಹೇಳ್ರಿ" ಎಂದೆ. ಅವರು ಹೊರಗಿನ ಮಳೆ ನೋಡುತ್ತ ಕೂತಿದ್ದರು. ಲಕಡಿ ಪೂಲಿನ ಸೇತುವೆ ದಾಟಿದ ಮೇಲೆ, "ಹೇಳಿದ್ರ ಆಕಿ ಬಿಡ್ತಾಳ" ಎಂದರು. "ಮಾತಿನ ಪ್ರಕಾರ ಸೋತಂಗ ಆತಲ್ಲ." ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಹಿರೇಮಠ್ರ, ನೀವು ಅಲ್ಲಿ ಏನೂ ಕೇಳಿಲ್ಲ" ಎಂದರು.

ಮನೆಯಲ್ಲಿ ಮಹಾಂತೇಶ ಪೇಪರು ಓದುತ್ತಿದ್ದ, ಮೇಘನಾ ಬಾಲ್ಕನಿಯಲ್ಲಿ ಒಣಗದ ಬಟ್ಟೆ ಹಿಂಡುತ್ತಿದ್ದಳು. ಸಂಗಪ್ಪನವರು ಇಬ್ಬರನ್ನೂ ಕರೆದು ಕೂಡಿಸಿಕೊಂಡರು.

"ಇನಾಮದಾರ ಬಾಯಿನ್ನ ಕೇಳಿ ಬಂದೆ. ಮೊದಲನೇ ನಂಬರು ನಿಂದ ಇತ್ತಂತ, ಬರೆದಿಟ್ಟಿದ್ರಂತ. ನಾ ಒದರಿ ಕೆಡಿಸಿದೆ. ಹಿರೇಮಠ್ರು ಇದ್ರು, ಕೇಳು."

ಎಲ್ಲರೂ ನನ್ನ ಕಡೆ ನೋಡಿದರು. "ಹೌದ್ರಿ" ಎಂದೆ. ಬ್ಯಾಂಕಿನಲ್ಲಿ ಅಷ್ಟು ವರ್ಷ ಇಂಥ ಒಂದು ಸುಳ್ಳಿಗೆ ಸಹಿ ಹಾಕಿರಲಿಲ್ಲ, ಅವತ್ತು ಹಾಕಿದೆ.

ಮಹಾಂತೇಶ ಪೇಪರು ಮಡಿಚಿಟ್ಟ. "ಹಂಗಾದ್ರ ಇದು ಸೋಲಲ್ಲ ಬಿಡು. ಲೆಕ್ಕಕ್ಕ ಬರೂದಿಲ್ಲ. ಮುಂದಿನ ವರ್ಷ ನೋಡೂಣು" ಎಂದ ಹೆಂಡತಿಗೆ.

ಆಕೆ ಅವನ ಮಾತು ಕೇಳಿಸಿಕೊಂಡಳೋ ಇಲ್ಲವೋ. ಮಾವನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಬಂದವು, ಮುಖ ಕೆಂಪಾಯಿತು. ಅಷ್ಟು ದಿನ ಬಾರದ ಸಿಟ್ಟು ಆಗ ಬಂತು.

"ಯಾಕ್ ಮಾವ ಹಾಗ್ ಮಾಡಿದ್ರಿ? ಅದೊಂದು ಬಂದಿದ್ರೆ ಸಾಕಾಗಿತ್ತು ನಂಗೆ. ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತಾ? ನೀವು ಕೂಗಿದ್ರಿ ಅಂತ ನಾನೂ ಪೆದ್ದಿ ಥರ ಆ ಖಾಲಿ ಡಬ್ಬಿ ತೆಕ್ಕೊಂಡು ಕೂತೆ. ನಾನದನ್ನ ಮಾಡಲೇಬಾರದಾಗಿತ್ತು. ಚೆನ್ನಾಗಿದ್ದಿದ್ದನ್ನ ಹಾಳು ಮಾಡ್ಕೊಂಡೆ. ಕೆಟ್ಟದಾಗಿತ್ತು ಅಲ್ವಾ ಅದು? ನೀವಾದ್ರೂ ನಿಜ ಹೇಳಿ, ನೀವು ಯಾವತ್ತೂ ಸುಳ್ಳು ಹೇಳಲ್ಲ."

ಸಂಗಪ್ಪನವರು ಚಲೋ ಇತ್ತು ಅಂದರೆ ಒದರಿ ಕೆಡಿಸಿದ ಕಥೆ ನಿಲ್ಲುತ್ತಿರಲಿಲ್ಲ. ನಾನು ಅವರ ಮುಖ ನೋಡಲಾಗದೆ ಚಪ್ಪಲಿ ಹುಡುಕುವ ನೆಪ ಮಾಡಿದೆ. ಎರಡು ಸಾಲು ಮುಂದಿನವರನ್ನು ತಿರುಗಿಸುತ್ತಿದ್ದ ಆ ದನಿ ಅವತ್ತು ಎದುರಿಗೆ ಕೂತವಳಿಗೆ ಮಾತ್ರ ಮುಟ್ಟುವಷ್ಟಿತ್ತು.

"ಹೌದವ್ವಾ," ಎಂದರು, "ಕೆಟ್ಟಿತ್ತು."

ನಾನು ಮೆಟ್ಟಿಲಿಳಿದು ಬೀದಿಗೆ ಬಂದೆ.